ರೋಶನ್ ಬರೆದ ರಿಪೋರ್ಟ್

"ಡೋಂಟ್ ಟಚ್!"

ಮೇನ್ ಸ್ವಿಚ್ಚಿನತ್ತ ಚಾಚಿದ ಇಂಚರಾಳ ಮಣಿಕಟ್ಟನ್ನು ಕತ್ತಲಲ್ಲಿ ಯಾರೋ ಗಟ್ಟಿಯಾಗಿ ಹಿಡಿದುಕೊಂಡರು.

ಜುಲೈ ತಿಂಗಳ ಸಂಜೆ, ಈ ದೇಶದಲ್ಲಿ ಕಡು ಚಳಿಗಾಲ. ಬಾಕ್ಸ್ ಹಿಲ್ ಆಸ್ಪತ್ರೆಯ ಲ್ಯಾಬ್‌ನಿಂದ ಟ್ರೇನ್ ಬದಲಿಸಿ ಕ್ರಾನ್‌ಬರ್ನ್‌ನ ಮನೆಗೆ ಬಂದರೆ ಎಲ್ಲೂ ದೀಪವಿರಲಿಲ್ಲ. ಗ್ಯಾರೇಜಿಗೆ ಹೋಗಿ ಕರೆಂಟ್ ಹಾಕೋಣವೆಂದರೆ ಇವನು! ಬಾಯ್ಲರ್ ಹಿಂದೆ ಕೂತಿದ್ದವನು ಅವಳಿಗೆ ಕಂಡೇ ಇರಲಿಲ್ಲ.

"ಯಾವನಪ್ಪಾ ಇವನು..." ಎಂದು ಗೊಣಗಿದಳು.

"ರೋಶನ್, ಎಲೆಕ್ಟ್ರಿಷಿಯನ್. ಬಾಯ್ಲರ್ ಕೆಲ್ಸಕ್ಕೆ ಕಂಪನಿಯಿಂದ ಬಂದದ್ದು. ಇಲ್ಲಿ ವಯರ್ ಎಲ್ಲ ಓಪನ್ ಉಂಟು ಮಾರಾಯ್ರೆ. ಸ್ವಿಚ್ಚಿಗೆ ಲಾಕ್ ಹಾಕ್ಬೇಕಿತ್ತು, ವ್ಯಾನಲ್ಲಿ ಬಿಟ್ಟು ಬಂದೆ. ತಪ್ಪು ನಂದೇ," ಎಂದ ಅವನು, ಉಡುಪಿಯ ಕನ್ನಡದಲ್ಲಿ.

ಬೈಯಲು ಹೊರಟವಳು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ತಪ್ಪು ನಂದೇ ಎನ್ನುವ ಗಂಡಸನ್ನು ಅವಳು ಅಷ್ಟಾಗಿ ನೋಡಿರಲಿಲ್ಲ. ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು... ಭಯಕ್ಕೋ, ಅವನ ಕೈಯ ಬಿಸಿಗೋ, ಅವಳಿಗೇ ತಿಳಿಯಲಿಲ್ಲ.

ಅಮ್ಮ ಇಂದಿರಮ್ಮನಿಗೆ ನ್ಯುಮೋನಿಯಾ ಬಂದು ವಾಸಿಯಾಗಿ ತಿಂಗಳಾಗಿತ್ತಷ್ಟೇ. ಮನೆ ಬೆಚ್ಚಗಿರಲೇಬೇಕೆಂದು ಡಾಕ್ಟರು ಹೇಳಿದ್ದರು. ಬಿಸಿನೀರಿಗೂ ಕೋಣೆಗಳ ಹೀಟರುಗಳಿಗೂ ಇದ್ದದ್ದು ಗ್ಯಾರೇಜಿನ ಆ ಒಂದೇ ಬಾಯ್ಲರ್. ರೋಶನ್ ಅದಕ್ಕೆ ಸಂಕೇತ ಹಿಡಿಯುವ ರಿಸೀವರ್ ಜೋಡಿಸಿ, ಅಂಗೈಯಗಲದ ಬಿಳಿ ಥರ್ಮೋಸ್ಟಾಟ್ ಒಂದನ್ನು ಅಮ್ಮನ ಕೈಗಿಟ್ಟ. ಇದಕ್ಕೆ ವಯರಿಲ್ಲ, ನಿಮ್ಮ ರೂಮಿನ ಟೇಬಲ್ ಮೇಲಿರಲಿ, ಅಲ್ಲಿ ಚಳಿಯಾದರೆ ಇದೇ ಬಾಯ್ಲರಿಗೆ ಹೇಳುತ್ತದೆ, ಬೆಚ್ಚಗಾದರೆ ಸಾಕೆನ್ನುತ್ತದೆ ಎಂದು ವಿವರಿಸಿದ. ಇಂದಿರಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಅಂದಿನಿಂದ ರೋಶನ್‌ನ ಮೆಸೇಜುಗಳು ಶುರುವಾದವು. ಮೊದಲು ಬಾಯ್ಲರ್ ಹೇಗಿದೆ ಎಂದು, ಆಮೇಲೆ ಅಮ್ಮ ಹೇಗಿದ್ದಾರೆ ಎಂದು, ಆಮೇಲೆ ನೀವು ಊಟ ಮಾಡಿದಿರಾ ಎಂದು. ಟ್ರೇನಿನಲ್ಲಿ ಫೋನ್ ನೋಡಿ ನಗುವ ಹುಡುಗಿಯರ ಸಾಲಿಗೆ ನಮ್ಮ ಇಂಚರಾಳೂ ಸೇರಿದಳು. ತನಗೆ ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಅನುಮತಿ, ಬರಲು ಇನ್ನು ನಾಲ್ಕೇ ತಿಂಗಳು, ಅಲ್ಲಿಯವರೆಗೆ ಈ ಕೆಲಸ ಬಿಡುವಂತಿಲ್ಲ, ವೀಸಾ ಇರುವುದೇ ಈ ಕಂಪನಿಯ ಮೇಲೆ ಎಂದೂ ಅವನು ಹೇಳಿಕೊಂಡಿದ್ದ.

ಎರಡನೇ ವಾರ ಮನೆ ತಣ್ಣಗಾಯಿತು. ನಲ್ಲಿಯಲ್ಲಿ ಬಿಸಿನೀರು ಬರುತ್ತಿದೆ, ಹೀಟರುಗಳು ಮಾತ್ರ ಮಂಜುಗಡ್ಡೆ! ಥರ್ಮೋಸ್ಟಾಟ್‌ನಲ್ಲಿ ಎಷ್ಟು ತೋರಿಸುತ್ತಿದೆ ಎಂದು ಇಂಚರಾ ಅಡುಗೆಮನೆಯಿಂದಲೇ ಕೂಗಿದರೆ, ಇಪ್ಪತ್ತೈದು ಡಿಗ್ರಿ ಎಂದು ಅಮ್ಮನ ಉತ್ತರ ಬಂತು.

ಮರುದಿನ ಇಂಚರಾ ಕೆಲಸದಲ್ಲಿದ್ದಾಗ ರೋಶನ್ ಬಂದು ನೋಡಿಹೋದ. ರಿಪೋರ್ಟಿನಲ್ಲಿ, ಜೋಡಣೆಯಲ್ಲಿ ನನ್ನಿಂದಲೇ ತಪ್ಪಾಗಿತ್ತು, ಸರಿಪಡಿಸಿದ್ದೇನೆ ಎಂದು ಬರೆದು ಸಹಿ ಹಾಕಿದ್ದ. ಆದದ್ದೇನು ಎಂದು ಅವಳು ಫೋನಿನಲ್ಲಿ ಕೇಳಿದರೆ ಮಾತು ತೇಲಿಸಿದ.

ಆಷಾಢದ ಶುಕ್ರವಾರ ಮತ್ತೆ ಅದೇ ಕಥೆ. ಬೆಳಗಿನಿಂದ ಮನೆ ಕೊರೆಯುತ್ತಿತ್ತು. ಸಂಜೆ ಇಂಚರಾ ಬರುವಷ್ಟರಲ್ಲಿ ಇಂದಿರಮ್ಮ ಎರಡು ರಜಾಯಿ ಹೊದ್ದು ನಡುಗುತ್ತಿದ್ದರು. ಶನಿವಾರ ಜ್ವರ ಏರಿ ಆಸ್ಪತ್ರೆ ಸೇರಿದರು.

ಇಂಚರಾ ಫೋನ್ ಮಾಡಿ ಸಿಡಿದಳು. "ತಪ್ಪು ನಿಮ್ದೇ ಅಂತ ನೀವೇ ಬರ್ದಿದೀರ. ನಮ್ಮಮ್ಮಂಗೇನಾದ್ರೂ ಆದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ!"

ಅವಳು ಫೋನ್ ಇಟ್ಟು, ಆ ರಿಪೋರ್ಟನ್ನೇ ಲಗತ್ತಿಸಿ ಕಂಪನಿಗೆ ದೂರು ಬರೆದಳು. ಮಾಲೀಕ ಬದರಿನಾಥರ ಉತ್ತರ ಸೋಮವಾರ ಬಂತು: ರೋಶನ್‌ನನ್ನು ಕೆಲಸದಿಂದ ದೂರವಿಟ್ಟಿದ್ದೇವೆ, ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಅಂತಿಮ ತೀರ್ಮಾನ.

ಓದಿದಾಗ ಗೆದ್ದ ಸಂತೋಷವಾಗಬೇಕಿತ್ತು. ಆಗಲಿಲ್ಲ. 'ಕೆಲಸ ಹೋದ್ರೆ ವೀಸಾನೂ ಹೋಗತ್ತೆ... ಹೋಗ್ಲಿ, ನನಗೇನು?' ಎಂದು ತನಗೇ ಹೇಳಿಕೊಂಡಳು. ಕಣ್ಣು ಮಾತ್ರ ತುಂಬಿ ಬಂತು.

ಮಂಗಳವಾರ ಜ್ವರ ಇಳಿಯಿತು. ನಾಲ್ಕು ದಿನದಿಂದ ದೇವರಿಗೆ ದೀಪವಿಲ್ಲ, ಹಚ್ಚಿ ಬಾ ಎಂದು ಅಮ್ಮ ಗೋಗರೆದರು.

ಶನಿವಾರದ ನಂತರ ಮೊದಲ ಸಲ ಸಂಜೆ ಮನೆಗೆ ಬಂದರೆ, ಅಚ್ಚರಿ, ಹೀಟರುಗಳೆಲ್ಲ ಬೆಚ್ಚಗಿದ್ದವು. ಅಮ್ಮನ ಕೋಣೆಯಲ್ಲಿದ್ದ ದೇವರ ಗೂಡಿನ ಬಾಗಿಲು ತೆರೆದಳು. ದೀಪದ ಪಕ್ಕದಲ್ಲೇ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೆ ಒಂದು ಒಣಗಿದ ಹೂ ಹೊತ್ತು ಥರ್ಮೋಸ್ಟಾಟ್ ಕೂತಿತ್ತು! ನಗು ಬಂತು. ದೀಪ ಹಚ್ಚಿ, ಕೈಮುಗಿದು, ಅಮ್ಮನ ಬಟ್ಟೆ ಜೋಡಿಸತೊಡಗಿದಳು.

ಅರ್ಧ ಗಂಟೆಯಲ್ಲಿ ಚಳಿಗೆ ಕಾಲು ಜುಮ್ಮೆಂದಿತು. ಹೀಟರ್ ಮುಟ್ಟಿದಳು. ತಣ್ಣಗಿತ್ತು.

ಗೂಡಿನತ್ತ ಓಡಿದಳು. ಪರದೆಯಲ್ಲಿ ಇಪ್ಪತ್ತೇಳು! ದೀಪದ ಶಾಖವನ್ನೇ ಮನೆಯ ಶಾಖವೆಂದು ತಿಳಿದು ಅದು ಬಾಯ್ಲರಿಗೆ ಸಾಕೆಂದಿತ್ತು. ವೈರಿಂಗ್‌ನಲ್ಲಿ ಯಾವ ತಪ್ಪೂ ಇರಲಿಲ್ಲ.

'ಹಾಗಾದ್ರೆ ತಪ್ಪು ನಂದು ಅಂತ ಅವರು ಯಾಕೆ ಬರೆದ್ರು?'

ಆಸ್ಪತ್ರೆಗೆ ಮರಳಿ ಕೇಳಿದಾಗ ಇಂದಿರಮ್ಮ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡರು. ರೋಶನ್ ರಿಪೋರ್ಟ್ ಬರೆದ ದಿನವೇ ಗೂಡು ನೋಡಿ, ದೀಪದ ಹತ್ತಿರ ಇಡಬೇಡಿ ಎಂದು ಹೇಳಿದ್ದನಂತೆ. ಮಗಳಿಗೆ ತಿಳಿಸಬೇಡಪ್ಪಾ ಎಂದು ತಾವೇ ಬೇಡಿಕೊಂಡರಂತೆ. ಮೇ ತಿಂಗಳಲ್ಲಿ ಗ್ಯಾಸ್ ಆರಿಸಲು ಮರೆತಾಗ, ಇನ್ನೊಂದು ಸಲ ಹೀಗಾದರೆ ಊರಿಗೆ, ಹಾಸನಕ್ಕೆ, ವಾಪಸ್ ಟಿಕೆಟ್ ಬುಕ್ ಮಾಡುತ್ತೇನೆಂದು ಇಂಚರಾ ಕೂಗಾಡಿದ್ದಳು.

"ನಿನ್ ಬಿಟ್ಟು ಹೋಗ್ಬೇಕಾಗುತ್ತಲ್ಲಾ ಅಂತ ಹೆದ್ರಿಕೆ ಆಯ್ತು ಕಣೇ. ಒಂದು ವಾರ ಟೇಬಲ್ ಮೇಲೇ ಇಟ್ಟಿದ್ದೆ. ಆಷಾಢ ಶುಕ್ರವಾರ ಅಲ್ವಾ, ಮನೆ ಬೆಚ್ಚಗಿಡೋದಕ್ಕೂ ಪೂಜೆ ಆಗ್ಲಿ ಅಂತ ಮತ್ತೆ ಗೂಡಲ್ಲಿಟ್ಟೆ... ಒಂದ್ ಪುಟ್ಟ ದೀಪ ಏನ್ ಮಾಡೀತು ಅಂದ್ಕೊಂಡೆ."

ಇಂಚರಾ ಅಮ್ಮನನ್ನು ತಬ್ಬಿಕೊಂಡಳು. ಎಲ್ಲಿಗೂ ಕಳಿಸುವುದಿಲ್ಲ ಎಂದಳು. ಆಮೇಲೆ ರೋಶನ್‌ಗೆ ಹನ್ನೊಂದು ಸಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

ಬುಧವಾರ ಡ್ಯಾಂಡಿನಾಂಗ್‌ನ ಆ ಆಫೀಸಿಗೆ ಅವಳು ಏದುಸಿರು ಬಿಡುತ್ತ ನುಗ್ಗಿದಾಗ ಎಂಟು ಹತ್ತು. ಬದರಿನಾಥರ ಮುಂದೆ ಕೆಲಸದಿಂದ ತೆಗೆಯುವ ಪತ್ರ ಸಿದ್ಧವಾಗಿತ್ತು. ಪಕ್ಕದಲ್ಲಿ ರೋಶನ್ ತಲೆ ತಗ್ಗಿಸಿ ನಿಂತಿದ್ದ. ಇಂಚರಾ ಕೂರಲಿಲ್ಲ. ಗೂಡು, ದೀಪ, ಕುಂಕುಮ, ತನ್ನ ಕೂಗಾಟ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಫೋನಿನಲ್ಲಿ ತೆಗೆದಿದ್ದ ಗೂಡಿನ ಫೋಟೋ ತೋರಿಸಿ, ದೂರನ್ನು ಅಲ್ಲೇ ಹಿಂದಕ್ಕೆ ಪಡೆದಳು. ಬದರಿನಾಥರು ಫೋಟೋವನ್ನು ಹತ್ತಿರ ಹಿಡಿದು ನೋಡಿದರು. ಸುಳ್ಳು ರಿಪೋರ್ಟ್ ಬರೆದದ್ದಕ್ಕೆ ವಾರ್ನಿಂಗ್ ಲೆಟರ್ ಕೊಟ್ಟೇ ಕೊಡುತ್ತೇನೆ, ಕೆಲಸ ಮಾತ್ರ ಉಳಿಯಿತು ಎಂದು ಆ ಪತ್ರವನ್ನು ಹರಿದುಹಾಕಿದರು.

ಹೊರಗೆ ಪಾರ್ಕಿಂಗಿನಲ್ಲಿ ರೋಶನ್ ಮೊದಲು ಕೇಳಿದ್ದು ಅಮ್ಮ ಹೇಗಿದ್ದಾರೆ ಎಂದು. ಇಂಚರಾಳಿಗೆ ಅಳು ತಡೆಯಲಾಗಲಿಲ್ಲ.

"ಅಮ್ಮನ್ನ ಕಾಪಾಡಿದ್ರಿ, ನನ್ ಕಣ್ಣಲ್ಲಿ ಕೆಟ್ಟೋರಾದ್ರಿ. ಅದು ಪರ್ವಾಗಿಲ್ವಾ ನಿಮಗೆ?"

"ಪರ್ವಾಗಿಲ್ಲ ಅಂತಲೇ ಎಣಿಸಿದ್ದೆ. ಆದ್ರೆ ನಾಲ್ಕು ದಿನ ನಿದ್ದೆ ಬರ್ಲಿಲ್ಲ," ಎಂದ ಅವನು. "ವೀಸಾದ ಚಿಂತೆ ಅಲ್ಲ. ನೀವು ಹಾಗೆ ಫೋನ್ ಇಟ್ರಲ್ಲ... ಅದು."

ಅವಳು ಕಣ್ಣೊರೆಸಿಕೊಂಡಳು. "ಕ್ಷಮೆ ಕೇಳೋಕೆ ಬಂದೆ. ಈಗ ಇನ್ನೊಂದೂ ಕೇಳ್ಬೇಕು ಅನ್ಸ್ತಿದೆ. ನನ್ನ ಮದ್ವೆ ಆಗ್ತೀರಾ?"

ರೋಶನ್ ಕಿವಿಯವರೆಗೂ ಕೆಂಪಾದ.

"ಆಗ್ತೇನೆ. ಆದ್ರೆ... ಅಮ್ಮನಿಗೆ ಯಾರು ಹೇಳುದು?"

"ಇಬ್ರೂ ಹೋಗಿ ಹೇಳೋಣ," ಎಂದಳು ಇಂಚರಾ, ಅವನ ಕೈ ಹಿಡಿದು. "ನಮ್ಮ ಮನೇಲಿ ಇನ್ಮೇಲೆ ಯಾರೂ ಯಾರಿಂದ್ಲೂ ಏನೂ ಮುಚ್ಚಿಡೋದು ಬೇಡ."