ಬಾಗಿಲು ತೆಗೆಯದ ಡ್ರೈವರ್

"ನೀವಾ?!"

ಮೈಕ್ ಮುಂದೆ ಬಂದು ಕೂತವನನ್ನು ನೋಡಿ ಅವಳು ಹೆಡ್‌ಫೋನ್ ಕಿತ್ತು ಕೆಳಗಿಟ್ಟಳು.

ಮೂರು ವಾರದಿಂದ ಫೋನ್ ಎತ್ತಿರಲಿಲ್ಲ, ಪುಣ್ಯಾತ್ಮ!

ಹನ್ನೆರಡು ವರ್ಷದ ಹಿಂದೆ ಊರಿಗೆ ಊರೇ ಹೊತ್ತಿ ಉರಿದಿತ್ತಲ್ಲ, ಆ ಗಲಭೆ ಕಂಡವರ ಮಾತುಗಳನ್ನು ಲೈಬ್ರರಿಯ ಈ ಪುಟ್ಟ ಕೋಣೆಯಲ್ಲಿ ರೆಕಾರ್ಡ್ ಮಾಡುವುದು ಅವಳ ಕೆಲಸ. ವಯಸ್ಸಾದವರನ್ನು ತನ್ನ ವ್ಯಾನಿನಲ್ಲಿ ಕರೆತರುತ್ತಿದ್ದವನು ಅವನು. ಹಾಗೇ ಪರಿಚಯ, ಹಾಗೇ ಸಲಿಗೆ... ಮದುವೆಯ ಮಾತು ತುಟಿಗೆ ಬರುವ ಹೊತ್ತಿಗೆ ಆಸಾಮಿ ನಾಪತ್ತೆ!

"ಬೇರೆ ಯಾರಾದ್ರೂ ಸಿಕ್ಕಿದ್ರೆ ನೇರವಾಗಿ ಹೇಳಿ. ಅದಕ್ಕೆ ಮೈಕ್ ಬೇಕಾ?"

"ಹೇಳೋರು ಮುಗಿಸೋ ತನಕ ನೀವು ಮಧ್ಯೆ ಬಾಯಿ ಹಾಕೋ ಹಾಗಿಲ್ಲ ಅಲ್ವಾ?" ಅವನ ದನಿ ಒಣಗಿತ್ತು. "ಆ ಧೈರ್ಯದ ಮೇಲೇ ಬಂದಿದ್ದೀನಿ."

ಅವಳು ಹಲ್ಲು ಕಚ್ಚಿ ಬಟನ್ ಒತ್ತಿದಳು.

"ಆಗ ನಾನು ಟೌನ್ ಬಸ್ ಓಡಿಸ್ತಿದ್ದೆ. ಮಾರ್ಕೆಟ್ ತಿರುವಲ್ಲಿ ಒಬ್ಬ ಹುಡುಗಿ ಬಂದು ಬಾಗಿಲು ಬಡಿದಳು. ಅವರಪ್ಪನ್ನ ತಬ್ಬಿ ಹಿಡ್ಕೊಂಡಿದ್ದಳು. ಅವರ ಬಲಗೈಯಿಂದ ರಕ್ತ ಸುರೀತಿತ್ತು. ನಾನು... ಬಾಗಿಲು ತೆಗೀಲಿಲ್ಲ."

ಮೈಕಿನ ಮೇಲಿದ್ದ ಅವಳ ಕಣ್ಣು ಥಟ್ಟನೆ ಅವನತ್ತ ತಿರುಗಿತು.

ಆ ಬಲಗೈ! ಆಮೇಲೆಂದೂ ಕತ್ತರಿ ಹಿಡಿಯಲಾಗದ, ಟೈಲರ್ ಅಪ್ಪನ ಬಲಗೈ!

ಇವನಾ? ಇಷ್ಟು ದಿನ ನಾನು ಕಾಯುತ್ತಿದ್ದದ್ದು ಇವನಿಗಾ?

"ಮೂರು ವಾರದ ಹಿಂದೆ ಪಕ್ಕದ ಕೋಣೇಲಿ, ಎಲ್ಲರೂ ಕೇಳಲಿ ಅಂತ ಇಟ್ಟಿದ್ದೀರಲ್ಲ, ಅದರಲ್ಲಿ ಹದಿನೇಳನೇ ರೆಕಾರ್ಡಿಂಗ್ ಕೇಳಿದೆ. ಹೆಸರಿರಲಿಲ್ಲ. ದನಿ ನಿಮ್ಮದು. 'ಖಾಲಿ ಬಸ್ಸು... ಡ್ರೈವರ್ ನನ್ನ ನೋಡಿ ನಕ್ಕ' ಅಂದಿದ್ರಿ."

ನಿಯಮ ಹಾಳಾಗಿ ಹೋಗಲಿ!

"ನಕ್ಕಿದ್ರಿ! ನಿಮ್ಮ ಹಲ್ಲು ಕಂಡಿದ್ದೆ ನಾನು!" ಅವಳು ಚೀರಿದಳು.

"ಅಳು ಬಂದಾಗ ನನ್ನ ಮುಖ ಹಾಗೇ ಆಗತ್ತೆ..." ಅವನ ಗಲ್ಲ ನಡುಗುತ್ತಿತ್ತು. ತುಟಿ ಹಿಂದಕ್ಕೆ ಎಳೆದುಕೊಂಡಿತು, ಹಲ್ಲು ಕಂಡಿತು. ಕಣ್ಣಲ್ಲಿ ಮಾತ್ರ ಧಾರೆ. "ಬಸ್ ಖಾಲಿ ಇರಲಿಲ್ಲ. ಶಾಲೆಯವರು ಮಕ್ಕಳನ್ನ ಹತ್ತಿಸಿದ್ರು. ಕಲ್ಲು ಬೀಳ್ತಿತ್ತು, ಎಲ್ಲರನ್ನೂ ಕೆಳಗೆ ಮಲಗಿಸಿದ್ದೆ. ನಿಮ್ಮ ಹಿಂದೇನೇ ಗಲಭೆ ಜನ ದೊಣ್ಣೆ ಹಿಡ್ಕೊಂಡು ಓಡಿ ಬರ್ತಿದ್ರು... ಒಂದೇ ಒಂದು ಕ್ಷಣ ತೆಗೀಬಹುದಿತ್ತೇನೋ. ಇವತ್ತಿಗೂ ಗೊತ್ತಿಲ್ಲ ನಂಗೆ."

ಅವಳು ನೋಡುತ್ತಲೇ ಇದ್ದಳು. ಹನ್ನೆರಡು ವರ್ಷ ನಿದ್ದೆಗೆಡಿಸಿದ ಅದೇ ಮುಖ! ಅವತ್ತು ಹೊಗೆಯಲ್ಲಿ ಆ ಹಲ್ಲಷ್ಟೇ ಕಂಡಿದ್ದು. ಗಾಜಿನಾಚೆ ನಗು ಅಂದುಕೊಂಡಿದ್ದು ಇದನ್ನಾ?

"ಸುಮ್ಮನಿದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ. ಯಾಕೆ ಹೇಳಿದ್ರಿ?"

"ನಿಮ್ಮನ್ನ ಮದುವೆಯಾಗ್ಬೇಕು ಅಂತಿದ್ದೆ. ಇದನ್ನ ಮುಚ್ಚಿಟ್ಟು ನಿಮ್ಮ ಪಕ್ಕ ಕೂತು ಊಟ ಮಾಡೋಕಾಗಲ್ಲ ನಂಗೆ. ಹೋಗು ಅಂದ್ರೆ ಹೋಗ್ತೀನಿ."

ಅವನು ಎದ್ದು ನಿಂತ. ಅವಳೂ ಎದ್ದಳು. ಕೋಪ ಹೋಗಿರಲಿಲ್ಲ. ಆದರೆ ಈ ಮನುಷ್ಯ ಹೋಗಿಬಿಟ್ಟರೆ... ಅಯ್ಯೋ, ಅದನ್ನೂ ತಡೆದುಕೊಳ್ಳಲು ಆಗುತ್ತಿರಲಿಲ್ಲ!

"ಕ್ಷಮಿಸೋದು ನಾನೊಬ್ಬಳೇ ಅಲ್ಲ," ಎಂದಳು ಮೆಲ್ಲಗೆ. "ಅಪ್ಪನ ಎದುರಿಗೆ ಕೂತು ಹೇಳ್ತೀರಾ?"

"ಬೈದ್ರೆ?"

"ಬೈದೇ ಬೈತಾರೆ. ಒಂದು ಕೈಲಿ ಹೊಡೆದ್ರೂ ಹೊಡೆದಾರು!"

"ಹೊಡೀಲಿ. ಆಮೇಲೆ... ನೀವು?"

ಅವಳು ಅವನ ಕೆನ್ನೆ ಒರೆಸಿದಳು.

"ಪಕ್ಕದಲ್ಲೇ ಇರ್ತೀನಿ ಕಣ್ರೀ."