ಜೇಬಿನ ಪುಸ್ತಕದ ಕೊನೆಯ ಹಾಳೆ

ಏಳು ಸಮುದ್ರದಾಚೆಯಲ್ಲ, ವನಗೂರಿನ ಬೆಟ್ಟದ ಮೇಲೆ. ಬಹಳ ಹಿಂದೆಯೇನಲ್ಲ, ಎಸ್ಟೇಟಿಗೆ ಫೋನು ಬಂದ ವರ್ಷ, ಒಬ್ಬ ರಾಜಕುಮಾರನಿದ್ದನಂತೆ. ಅವನಿಗೆ ಕುದುರೆಯಿರಲಿಲ್ಲ, ಕಾಫಿ ಹಣ್ಣಿನ ಸಿಪ್ಪೆ ಕಳಚುವ ಪಲ್ಪರ್ ಯಂತ್ರವಿತ್ತು. ಒಂದು ದಿನ ಜೀಪು ಉರುಳಿ ತಲೆಗೆ ಪೆಟ್ಟು ಬಿತ್ತು. ಯಾವ ರಾಕ್ಷಸ ಕದ್ದೊಯ್ದನೋ, ಕೈಯಲ್ಲಿದ್ದ ಕೆಲಸವೂ ಹೋಯಿತು, ಒಂದು ವರ್ಷದ ನೆನಪೂ ಹೋಯಿತು.

ಹೀಗೆ ಕಥೆ ಮಾಡಿಕೊಂಡರೆ ಶೀಲಾಳಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಆಸ್ಪತ್ರೆಯಲ್ಲಿ ಬಾಲು ಅವಳ ಕೈ ಹಿಡಿದು ಕೇಳಿದ್ದ. "ನಾನು ಮರ್ತಿದ್ದನ್ನೆಲ್ಲ ಬರ್ಕೊಡು ಶೀಲಾ. ಒಂದೂ ಬಿಡ್ಬೇಡ."

"ಬಿಡಲ್ಲ," ಎಂದು ಮಾತು ಕೊಟ್ಟಿದ್ದಳು.

ಎಸ್ಟೇಟಿನ ಶಿಶುವಿಹಾರದ ಟೀಚರ್ ಅವಳು. ಮಕ್ಕಳಿಗೆ ಬರೆಯುವಂತೆಯೇ ಜೇಬಿನ ಪುಸ್ತಕವೊಂದರಲ್ಲಿ ಚಿತ್ರ ಬರೆದಳು. ಮೊದಲ ಹಾಳೆಯಲ್ಲಿ ನೀರಿನ ಹನಿ, ಎರಡನೆಯದರಲ್ಲಿ ಕೆಂಪು ಹಣ್ಣು. ಕೊಯ್ಲು ಮುಗಿಯುವುದರೊಳಗೆ ಬಾಲು ಒಬ್ಬನೇ ಯಂತ್ರ ನಡೆಸಿದರೆ ಕೆಲಸ, ಇಲ್ಲವಾದರೆ ಎಸ್ಟೇಟು ಕೊಟ್ಟ ಲೈನ್ ಮನೆ ಖಾಲಿ ಮಾಡಬೇಕೆಂದು ಮ್ಯಾನೇಜರ್ ಹೇಳಿದ್ದರು.

"ಮೊದ್ಲು ಏನು?" ಯಂತ್ರದ ಮುಂದೆ ನಿಲ್ಲಿಸಿ ಕೇಳಿದಳು.

"ಹಣ್ಣು."

"ನೀರು ಕಣೋ ಮಾರಾಯ! ಒಣ ಮಿಷನ್ನಿಗೆ ಹಣ್ಣು ಸುರಿದ್ರೆ ಬೀಜ ಎಲ್ಲಾ ಜಜ್ಜೋಯ್ತವೆ. ಆಮೇಲೆ ಮ್ಯಾನೇಜರು ನಿನ್ನ ಜಜ್ತಾರೆ."

"ನಿನ್ ಮಕ ನೋಡ್ತಾ ನಿಂತ್ರೆ ನೀರು ಎಲ್ಲಿ ನೆಪ್ಪಾಗ್ತೈತೆ?"

ಓರೆಗಣ್ಣಿನಲ್ಲಿ ನೋಡಿ ನಕ್ಕ. ಅವಳನ್ನು ಪ್ರೀತಿಸುತ್ತಿದ್ದ ಕಾಲದ ನಗು ಅದು.

ಆ ಕಾಲ ಮುಗಿದಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಜೀಪು ಹತ್ತುವ ಮುಂಚೆ ಅವನೇ ಹೇಳಿದ್ದ: "ಮಗ್ಗೆ ಊರಿನ ವಾಣಿನ ಮದ್ವೆ ಆಗ್ತೀನಿ. ಅವ್ವಂಗೂ ಹೇಳಿಲ್ಲ, ನಿಂಗೇ ಮೊದ್ಲು. ನನ್ನ ಮರ್ತುಬುಡು."

ಮರೆತವನು ಅವನು.

ಅವನ ತಾಯಿ ಕೆಂಚಮ್ಮ ಒಮ್ಮೆ ಕಾಫಿ ಕೊಡುತ್ತಾ ಅಂದಳು: "ಆಸ್ಪತ್ರೆಗೆ ಮಗ್ಗೆಯಿಂದ ಯಾವ್ದೋ ಹುಡ್ಗಿ ಬಂದಿತ್ತು ಕಣವ್ವ. ಇವ್ನು 'ಯಾರು ನೀವು' ಅಂದ್ಬುಟ್ಟ. ಅತ್ಕಂಡು ಹೋಯ್ತು, ಪಾಪ."

ಅದು ವಾಣಿಯೆಂದು ಶೀಲಾಳಿಗೆ ಗೊತ್ತಾಯಿತು. ಆದರೂ ಆ ದಿನ ಅವಳು ಪುಸ್ತಕದಲ್ಲಿ ಬರೆದದ್ದು ತೊಟ್ಟಿ ತೊಳೆಯುವ ಕ್ರಮವನ್ನು ಮಾತ್ರ.

ಕೊಯ್ಲಿನ ಕೊನೆಯ ವಾರ ಮ್ಯಾನೇಜರ್ ಬಂದು ನಿಂತರು. ಬಾಲು ಜೇಬಿಗೆ ಕೈ ಹಾಕಲಿಲ್ಲ. ನೀರು ಬಿಟ್ಟ, ಹಣ್ಣು ಸುರಿದ. ಬೀಜಗಳು ಒಂದೂ ಒಡೆಯದೆ ಜಾರಿ ಬಂದವು. "ನಾಳೆಯಿಂದ ಬಾರಯ್ಯ," ಎಂದು ಅವರು ಹೊರಟುಹೋದರು.

"ಶೀಲಾ, ಅವ್ವನ್ನ ನಿಮ್ಮನೆಗೆ ಹೆಣ್ಣು ಕೇಳಕ್ಕೆ ಕಳಿಸ್ಲಾ?"

ಒಂದು 'ಹ್ಞೂ' ಸಾಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

"ನನ್ ತಲೆ ನನ್ನತ್ರ ಎಲ್ಲೈತೆ? ನಿನ್ ಪುಸ್ತಕದಾಗೈತೆ. ನೀ ಬರ್ದಿದ್ದಂದ್ರೆ ಕಣ್ಮುಚ್ಕಂಡು ನಂಬ್ತೀನಿ ಕಣೇ," ಅಂದ ಅವನು.

ಶೀಲಾ ಕೈ ಚಾಚಿದಳು. "ಕೊಡಿಲ್ಲಿ. ಒಂದು ಬಾಕಿ ಐತೆ."

ಕೊನೆಯ ಹಾಳೆಯಲ್ಲಿ ಚಿತ್ರ ಬರೆಯಲಿಲ್ಲ. ಮಗ್ಗೆ ಎಂದು ಬರೆದಳು, ವಾಣಿ ಎಂದು ಬರೆದಳು, ಅವನು ಜೀಪು ಹತ್ತುವ ಮುಂಚೆ ಆಡಿದ್ದನ್ನು ಒಂದಕ್ಷರ ಬಿಡದೆ ಬರೆದಳು.

ಬಾಲು ಆಸೆಯಿಂದ ಕೈ ಒಡ್ಡಿದ.

"ಮೊದ್ಲು ನೀರು ನಿಲ್ಸು," ಎಂದಳು.

ಅವನು ನೀರು ನಿಲ್ಲಿಸಿ ಬಂದ. ಅವಳು ಪುಸ್ತಕ ಕೊಟ್ಟಳು.