ಎಂಟು ಪೆನ್ಸಿಲ್ ಚುಕ್ಕೆಗಳು

ನಿಜವಾಗಿ ಮಾತು ಮರೆಯುವ ನಟ ದಿನವೂ ಅದೇ ಜಾಗದಲ್ಲಿ ಮುಗ್ಗರಿಸುತ್ತಾನೆ. ಹದಿನೆಂಟು ವರ್ಷದಿಂದ ರಂಗದ ಎಡಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಕೂತು, ಮರೆತವರಿಗೆ ಪಿಸುದನಿಯಲ್ಲಿ ಮಾತು ಎತ್ತಿಕೊಟ್ಟವಳಿಗೆ ಅಷ್ಟೂ ತಿಳಿಯದೇ? ಯಾರು ಎಲ್ಲಿ ತಡವರಿಸಿದರೋ ಆ ಸಾಲಿನ ಪಕ್ಕ ಅವಳು ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದಳು. ನಾಟಕದ ಕಂಪನಿಯವರೆಲ್ಲ ಅವಳನ್ನು ಪುಸ್ತಕದಕ್ಕ ಎಂದೇ ಕರೆಯುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ಪುಟ ತಿರುವುತ್ತಿದ್ದವಳ ಕೈ ನಿಂತಿತು. ನಾಯಕನ ಪಾತ್ರಕ್ಕೆ ಎಂಟು ಆಟದಲ್ಲಿ ಎಂಟು ಚುಕ್ಕೆ. ಎರಡು ಚುಕ್ಕೆ ಒಂದೇ ಸಾಲಿಗೆ ಬಿದ್ದಿರಲಿಲ್ಲ. ಅದೂ ಅವನು ಅವಳ ಪಕ್ಕಕ್ಕೆ ಬಂದು ನಿಂತಾಗಲೇ!

"ಮಾವ, ಈ ಮನುಷ್ಯ ಬೇಕಂತಲೇ ಮರೀತಿದಾರೆ."

ನಟರಿಗೆ ಬಣ್ಣ ಹಚ್ಚುವ ಸೋದರಮಾವ ಬ್ರಷ್ ತೊಳೆಯುತ್ತಲೇ ನಕ್ಕ. "ಅವನಿಗೇನು ಹುಚ್ಚೇ? ಸಿನಿಮಾದಲ್ಲಿ ಹತ್ತು ಸಲ ತಪ್ಪಿದ್ರೂ ಹನ್ನೊಂದನೇ ಟೇಕ್ ಇರುತ್ತೆ ಕಣಮ್ಮ. ನೆನಪು ತುಕ್ಕು ಹಿಡಿದಿರುತ್ತೆ."

"ಅಲ್ಲಿ ಅವರ ಅಡ್ಡಹೆಸರೇ 'ಒಂದೇ ಟೇಕ್' ಅಂತೆ. ಮೊನ್ನೆ ಆಟ ನೋಡೋಕೆ ಬಂದಿದ್ದ ಸೌಂಡ್ ಎಂಜಿನಿಯರ್ ಹೇಳಿದ."

ಮಾವನ ಬ್ರಷ್ ನೀರಿನಲ್ಲೇ ಉಳಿಯಿತು.

ಅವಳ ಅನುಮಾನಕ್ಕೆ ಇನ್ನೊಂದು ಕಾರಣವಿತ್ತು. ನಿನ್ನೆ ಕಂಪನಿಯ ಮಾಲೀಕ ಕರೆದು, "ನಿನ್ನ ಪಿಸುಮಾತು ಮುಂದಿನ ಸಾಲಿನವರಿಗೂ ಕೇಳಿಸ್ತಿದೆಯಂತೆ. ಹೀರೋ ಕಿವಿಗೊಂದು ಇಯರ್‌ಪೀಸ್ ಸಿಕ್ಕಿಸಿಬಿಟ್ರೆ ಪುಸ್ತಕ ಹಿಡ್ಕೊಂಡು ಕೂರೋರು ಯಾಕೆ ಬೇಕು?" ಎಂದಿದ್ದ. ಅಪ್ಪನಿಂದ ಬಂದ, ಪರದೆಯ ಮರೆಯ ಆ ಪುಟ್ಟ ಸ್ಟೂಲು ಬಿಟ್ಟರೆ ಈ ಲೋಕದಲ್ಲಿ ಅವಳದೆನ್ನುವ ಜಾಗವಿರಲಿಲ್ಲ. ಅದನ್ನೂ ಕಸಿಯಲು ಬಂದನೇ ಈ ನಾಯಕ?

ಅವನ ಮೊದಲ ವೇಷವನ್ನು ಕಂಡವಳು ಅವಳು. ಹದಿನೇಳು ವರ್ಷದ ಹಿಂದೆ ಈಟಿ ಹಿಡಿದ ಕಾವಲುಗಾರ. ಇದ್ದದ್ದು ಒಂದೇ ಮಾತು: "ಪ್ರಭು, ಬಾಗಿಲಲ್ಲಿ ಯಾರೋ ಬಂದಿದ್ದಾರೆ." ಅದೂ ಮರೆತು ಹೋಗಿ, ಹೆಬ್ಬೆರಳಿನಿಂದ ಉಂಗುರದ ಬೆರಳನ್ನು ಉಜ್ಜುತ್ತಾ ನಿಂತುಬಿಟ್ಟಿದ್ದ. ಅವಳು ಮಾತು ಎತ್ತಿಕೊಟ್ಟಿದ್ದಳು. ಐದು ವರ್ಷದಲ್ಲಿ ಕಾವಲುಗಾರ ರಾಜನಾದ. ಆಮೇಲೆ ಸಿನಿಮಾ ಕರೆಯಿತು; ಅವಳಿಗೆ ಒಂದು ಮಾತೂ ಹೇಳದೆ ಹೊರಟುಹೋದ. ಮೂವತ್ತನಾಲ್ಕು ಸಿನಿಮಾ, ಮೂರಂತಸ್ತಿನೆತ್ತರದ ಪೋಸ್ಟರ್. ಹನ್ನೆರಡು ವರ್ಷದ ಮೇಲೆ ಬರೀ ಒಂಬತ್ತು ಆಟಕ್ಕೆಂದು ಹಳೆಯ ಕಂಪನಿಗೆ ಬಂದಿದ್ದ. ಇಂದು ಕೊನೆಯದು.

ಬಣ್ಣದ ಕೋಣೆಯ ಓಣಿಯಲ್ಲಿ ಅವಳು ಅವನಿಗೆ ಅಡ್ಡ ನಿಂತಳು. "ನೀವು ಮರೆಯೋದಿಲ್ಲ. ಮರೆತ ಹಾಗೆ ನಟಿಸ್ತೀರಿ."

"ನಟ ಅಲ್ವಾ? ಅಭ್ಯಾಸಬಲ." ಅವನ ಕಣ್ಣು ಅವಳ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲಿನ ಮೇಲೆ ಒಂದು ಗಳಿಗೆ ಕೂತು ಎದ್ದಿತು. "ನಿನ್ನೆ ಮೂರನೇ ಅಂಕದಲ್ಲಿ ಮಾತು ಎತ್ತಿಕೊಟ್ಟಾಗ ನಿಮಗೆ ನೆಗಡಿಯಾಗಿತ್ತು. ಈಗ ಹೇಗಿದೆ?"

ಎದೆಯೊಳಗೆ ಏನೋ ಜಾರಿತು. ಅವಳು ಅದನ್ನು ಅಲ್ಲೇ ಹಿಡಿದು ನಿಲ್ಲಿಸಿದಳು. "ನೆಗಡಿ ವಿಚಾರಿಸಿ ಮಾತು ಹಾರಿಸ್ಬೇಡಿ. ಇಯರ್‌ಪೀಸ್ ಐಡಿಯಾ ನಿಮ್ಮದೇ ತಾನೇ?"

"ಯಾವ ಇಯರ್‌ಪೀಸ್?"

ಅವನ ಮುಖ ಬಿಳಿಚಿತು. ಎಂಥಾ ನಟನೆಯಪ್ಪಾ ಎಂದುಕೊಂಡು ಅವಳು ತಿರುಗಿಯೂ ನೋಡದೆ ನಡೆದಳು.

ಮೂರು ಗಂಟೆಗೆ ಆಟ ಶುರುವಾಯಿತು. ದೇವರನ್ನು ನೆನೆದು ಪುಸ್ತಕ ತೆರೆದಳು. ಎರಡನೇ ಅಂಕದಲ್ಲಿ ಅವನು ಎಡಕ್ಕೆ ಬಂದ, ಅರ್ಧ ಮಾತಿಗೆ ನಿಂತ. ಅವಳು ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು.

ಸಭೆಯಲ್ಲಿ ಯಾರೋ ಕೆಮ್ಮಿದರು. ದೀಪದ ಬೆಳಕಿನಲ್ಲಿ ಅವನ ಕಣ್ಣು ಕಾಯುತ್ತಿತ್ತು. ಅವಳು ರೆಪ್ಪೆ ಬಡಿಯದೆ ಅವನನ್ನೇ ನೋಡಿದಳು. ಆಗ ಅವನ ತುಟಿಯಂಚಿನಲ್ಲಿ, ಕದ್ದು ಸಿಕ್ಕಿಬಿದ್ದವನ ನಗೆಯೊಂದು ಮೂಡಿತು. ಉಳಿದ ಮಾತನ್ನು ಒಂದಕ್ಷರವೂ ತಪ್ಪದೆ ಒಪ್ಪಿಸಿಬಿಟ್ಟ.

ಅವಳ ಅನುಮಾನ ನಿಜವಾಗಿತ್ತು. ಆದರೂ ಯಾಕೋ ಗೆದ್ದ ಹಾಗೆ ಅನಿಸಲಿಲ್ಲ.

ಆಟ ಮುಗಿದ ಮೇಲೆ ಅವನೇ ಹೇಳಿಕಳಿಸಿದ. ಅವಳು ಹೋದಾಗ ಅರ್ಧ ಮುಖದ ಬಣ್ಣ ಒರೆಸಿಕೊಂಡು ಕನ್ನಡಿಯ ಮುಂದೆ ಕೂತಿದ್ದ.

"ಮಾಲೀಕರಿಗೆ ಹೇಳಿದೀನಿ, ಇಯರ್‌ಪೀಸ್ ಬರಲ್ಲ. ತಪ್ಪೆಲ್ಲ ನಂದೇ ಅಂತ ಒಪ್ಕೊಂಡೆ."

"ಯಾಕೆ ಮಾಡಿದಿರಿ?"

"ಸಿನಿಮಾದಲ್ಲಿ ತಪ್ಪಿದ್ರೆ ಕಟ್ ಅಂತಾರೆ, ಅಷ್ಟೇ. ಎತ್ತಿಕೊಡೋ ದನಿ ಇರಲ್ಲ. ಆ ಭಯಕ್ಕೇ ಎಲ್ಲ ಒಂದೇ ಟೇಕ್‌ನಲ್ಲಿ ಮುಗಿಸ್ತಿದ್ದೆ. ಇಲ್ಲಿಗೆ ಬಂದ ದಿನ ನೀವು ನನ್ನ ಕಡೆ ತಿರುಗಿಯೂ ನೋಡ್ಲಿಲ್ಲ. ನಿಮ್ಮ ದನಿ ಕೇಳೋಕೆ ಬೇರೆ ದಾರಿ ಹೊಳೀಲಿಲ್ಲ."

ಅವಳು ಕಣ್ಣು ಕಿರಿದಾಗಿಸಿದಳು. "ಇದು ಯಾವ ನಾಟಕದ್ದು? ಎಲ್ಲೋ ಓದಿದ ಹಾಗಿದೆ."

ಅವನು ನಗಲು ಹೋದ, ಆಗಲಿಲ್ಲ. "ನಾನು... ಅಂದ್ರೆ, ಅವತ್ತು ಹೇಳದೆ ಹೋಗಿದ್ದು... ನೀವು ಒಪ್ಪೋದಾದ್ರೆ..."

ಮಾತು ನಿಂತಿತು. ಅವನ ಹೆಬ್ಬೆರಳು ಉಂಗುರದ ಬೆರಳನ್ನು ಉಜ್ಜುತ್ತಿತ್ತು.

ಎಂಟು ಚುಕ್ಕೆಯ ಎಂಟು ಆಟದಲ್ಲಿ ಆ ಬೆರಳು ಒಮ್ಮೆಯೂ ಅಲುಗಿರಲಿಲ್ಲ. ಭಗವಂತ ನಾಲಿಗೆಗೆ ಎಷ್ಟು ವೇಷ ಕೊಟ್ಟರೂ ಬೆರಳಿಗೆ ಒಂದೂ ಕೊಟ್ಟಿಲ್ಲ. ಈಟಿ ಹಿಡಿದ ಆ ಹುಡುಗನೇ ಎದುರಿಗೆ ಕೂತಿದ್ದ.

ಅಭ್ಯಾಸದಿಂದ ಅವಳ ತುಟಿ ತೆರೆಯಿತು. ಕಚ್ಚಿಹಿಡಿದಳು. "ಇದು ನನ್ನ ಪುಸ್ತಕದಲ್ಲಿಲ್ಲ. ನೀವೇ ಹೇಳ್ಬೇಕು."

ಬಾಗಿಲಾಚೆಯಿಂದ ಮಾವನ ದನಿ ಬಂತು: "ಬೇಗ ಹೇಳಪ್ಪಾ, ನನಗೆ ಬಣ್ಣದ ಪೆಟ್ಟಿಗೆ ಮುಚ್ಚಬೇಕು!"

ಅವನ ಕಿವಿ ಕೆಂಪಾಯಿತು. "ನೀವು ನನ್ನ ಜೊತೆ ಬರ್ತೀರಾ? ಅಲ್ಲ, ಅಲ್ಲ... ನಾನು ಇಲ್ಲೇ, ನಿಮ್ಮ ಜೊತೆ ಇದ್ದುಬಿಡ್ಲಾ? ಯಾವುದು ಸರಿ?"

ಅವಳು ಕಿವಿಯಿಂದ ಪೆನ್ಸಿಲ್ ತೆಗೆದು ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಒಂಬತ್ತನೇ ಚುಕ್ಕೆ ಇಟ್ಟಳು. ಆಮೇಲೆ ಅವನತ್ತ ಬಾಗಿ, ಬಾಗಿಲಾಚೆಯ ಮಾವನಿಗೂ ಕೇಳಿಸದಷ್ಟು ಮೆಲ್ಲಗೆ ಮಾತು ಎತ್ತಿಕೊಟ್ಟಳು:

"ಎರಡನೇದು."